ಸೂಜಿಯಿಲ್ಲದ ಮದ್ದೂ ನಮ್ಮ ಕರ್ತವ್ಯವೂ

ರೋಗ ತಗುಲಿದ ಮೇಲೆ ಔಷಧಕ್ಕಾಗಿ ಅಲೆದಾಡುವುದಕ್ಕಿಂತ ರೋಗವೇ ತಗುಲದಂತೆ ಲಸಿಕೆ ಹಾಕಿಸಿಕೊಳ್ಳುವುದು ಲೇಸೆಂಬ ಮಾತನ್ನು ಇಂದು ಅಲ್ಲಗಳೆಯುವವರು ವಿರಳ. ಆದರೆ ಬಾಯಿಂದ ಒಪ್ಪಿದ ಮಾತನ್ನು ನಡೆಸಿ ತೋರಿಸುವ ಹೊತ್ತಿಗೆ ಸೂಜಿಯ ಮೊನೆ ಕಣ್ಣೆದುರು ಬಂದು ನಿಲ್ಲುತ್ತದೆ. ಕುದಿಯುವ ಎಣ್ಣೆಯ ಬಾಣಲೆಗೆ ಅಂಜದ ಅಡಿಗೆಭಟ್ಟರೂ, ನೂಕುನುಗ್ಗಲಿನ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತುಬಿದ್ದು ಕೋಟೆಯ ಕಚೇರಿಗಳಿಗೆ ಹೋಗಿಬರುವ ಗುಮಾಸ್ತರೂ ಆಸ್ಪತ್ರೆಯ ಬಾಗಿಲಲ್ಲಿ ಹಿಂದೆಗೆಯುವುದುಂಟು. ಇದು ನಗೆಯಾಡಿ ಬಿಡುವ ವಿಷಯವಲ್ಲ. ಸೂಜಿಯ ಭಯದಿಂದ ಲಸಿಕೆ ತಪ್ಪಿದರೆ ಕೆಲವು ರೋಗಗಳಲ್ಲಿ ಪ್ರಾಣವೇ ತಪ್ಪುತ್ತದೆ. ಆದುದರಿಂದ ಸೂಜಿಯಿಲ್ಲದೆ ಲಸಿಕೆ ಕೊಡುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿರುವರೆಂಬ ಸಮಾಚಾರವು ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ದುಡಿದು ಬಾಳುವ ನಮ್ಮ ಬಂಧುಗಳಿಗೂ ಸಂಬಂಧಪಟ್ಟದ್ದೇ ಆಗಿದೆ.

ಈ ಪ್ರಯತ್ನದ ಒಂದು ಕೇಂದ್ರವು ನಮ್ಮ ನೆರೆಯಲ್ಲಿಯೇ ಇದೆ. ಠಾಣೆಯಿಂದ ಕೂಗಳತೆಯಲ್ಲಿರುವ ಪವಾಯಿಯ ಐ.ಐ.ಟಿ.ಯ ವಿಮಾನ ವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕ ವೀರೇನ್ ಮೆನೆಜಿಸ್ ಅವರ ತಂಡವು ಆಘಾತ ತರಂಗದಿಂದ ಕೆಲಸಮಾಡುವ ಸೂಜಿಯಿಲ್ಲದ ಪಿಚಕಾರಿಯೊಂದನ್ನು ನಿರ್ಮಿಸಿ, ಅದರ ಫಲವನ್ನು 2024ರಲ್ಲಿ ಪ್ರಕಟಿಸಿತು. ಬಾಲ್‌ಪೆನ್ನಿಗಿಂತ ತುಸು ಉದ್ದವಾದ ಈ ಸಾಧನದಲ್ಲಿ ಒತ್ತಿಟ್ಟ ಸಾರಜನಕವು ಒಮ್ಮೆಲೇ ಬಿಡುಗಡೆಯಾಗಿ ಔಷಧದ್ರವವನ್ನು ಕೂದಲೆಳೆಯಂಥ ಧಾರೆಯಾಗಿ ಚರ್ಮದೊಳಕ್ಕೆ ನೂಕುತ್ತದೆ. ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಅರಿವಳಿಕೆಯ ಮದ್ದೂ ಇನ್ಸುಲಿನ್ನೂ ಸೂಜಿಯಿಂದ ಕೊಟ್ಟಷ್ಟೇ ಸಮರ್ಥವಾಗಿ ಒಳಸೇರಿದುವು. ಇದಕ್ಕೂ ಮುನ್ನ, 2011ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಜಿ. ಜಗದೀಶ್ ಮತ್ತವರ ಸಹೋದ್ಯೋಗಿಗಳು ಇದೇ ಆಘಾತ ತರಂಗದ ತತ್ತ್ವದಿಂದ ಇಲಿಗಳಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ವಿರುದ್ಧ ಲಸಿಕೆಯನ್ನೇ ಹಾಕಿ ನೋಡಿದ್ದರು. ವಿಷಮಶೀತ ಜ್ವರವನ್ನುಂಟುಮಾಡುವ ರೋಗಾಣುವೂ ಈ ಕುಲಕ್ಕೆ ಸೇರಿದ್ದು. ಚರ್ಮದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಆಳಕ್ಕೆ ಮದ್ದು ಇಳಿದರೂ, ಹತ್ತನೆಯ ಒಂದು ಪಾಲು ಲಸಿಕೆಯಿಂದಲೇ ಇತರ ಮಾರ್ಗಗಳಿಗಿಂತ ಉತ್ತಮ ರಕ್ಷಣೆ ದೊರೆಯಿತೆಂದು ಅವರು ವರದಿ ಮಾಡಿದರು. ಕನ್ನಡನಾಡಿನ ರಾಜಧಾನಿಯಲ್ಲಿಯೂ ನಾವು ಅನ್ನ ಹುಡುಕಿ ಬಂದ ಈ ಊರಿನಲ್ಲಿಯೂ ಒಂದೇ ಬಗೆಯ ಚಿಂತನೆ ನಡೆದಿರುವುದು ನಮಗೆ ಸಂತೋಷದ ವಿಷಯ.

ಇಲಿಗಳನ್ನು ದಾಟಿ ಮನುಷ್ಯರವರೆಗೆ ಬಂದ ಉದಾಹರಣೆಗಳೂ ಇವೆ. ಕೋವಿಡ್ ಪಿಡುಗಿನ ಕಾಲದಲ್ಲಿ, 2021ರ ಆಗಸ್ಟ್ 20ರಂದು, ಅಹಮದಾಬಾದಿನ ಜೈಡಸ್ ಕಂಪನಿಯ ಜೈಕೋವ್-ಡಿ ಲಸಿಕೆಗೆ ನಮ್ಮ ಸರಕಾರವು ತುರ್ತು ಬಳಕೆಯ ಅನುಮತಿ ಕೊಟ್ಟಿತು. ಡಿ.ಎನ್.ಎ.ಯಿಂದ ತಯಾರಾಗಿ ಮನುಷ್ಯರ ಬಳಕೆಗೆ ಅನುಮತಿ ಪಡೆದ ಲಸಿಕೆಗಳಲ್ಲಿ ಜಗತ್ತಿನಲ್ಲಿಯೇ ಇದು ಮೊದಲನೆಯದು. ಅದನ್ನು ಕೊಟ್ಟದ್ದೂ ಸೂಜಿಯಿಲ್ಲದ ಯಂತ್ರದಿಂದ, ಚರ್ಮದೊಳಕ್ಕೆ. ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ದಡಾರ ಮತ್ತು ರುಬೆಲ್ಲಾಗಳ ಲಸಿಕೆಯನ್ನು ಒಂದು ಪಟ್ಟಿಯಲ್ಲಿ ಅಡಗಿಸಿ ಮಣಿಕಟ್ಟಿನ ಮೇಲೆ ಅಂಟಿಸಿ ನೋಡಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಗಿಡ್ಡನೆಯ ಮುಳ್ಳುಗಳಿದ್ದು, ಕೆಲವೇ ನಿಮಿಷಗಳಲ್ಲಿ ಲಸಿಕೆಯು ಚರ್ಮದಲ್ಲಿ ಕರಗಿ ಇಳಿಯುತ್ತದೆ. ಒಂದೇ ಸಲದ ಪಟ್ಟಿಯಿಂದ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಕೂಸುಗಳಿಗೆ ದಡಾರದಿಂದ ರಕ್ಷಣೆ ದೊರೆಯಿತೆಂದು 2024ರಲ್ಲಿ ಪ್ರಕಟವಾಯಿತು. ಇಂಥ ಪಟ್ಟಿ ಬಳಕೆಗೆ ಬಂದರೆ ಪಿಚಕಾರಿ ಬೇಡ; ನುರಿತ ಕೈಯ ಅವಶ್ಯಕತೆಯೂ ಕಡಿಮೆಯಾಗುತ್ತದೆ.

ಮಾಂಸಖಂಡಕ್ಕೆ ಇಳಿಸುತ್ತಿದ್ದ ಮದ್ದನ್ನು ಚರ್ಮಕ್ಕೆ ಕೊಡಬೇಕೆಂಬ ಹಟ ಇವರಿಗೇಕೆ? ಕಾರಣವು ಸರಳವಾಗಿದೆ. ಚರ್ಮವು ದೇಹಕ್ಕೆ ಹೊದಿಸಿದ ಬರಿಯ ಹೊದಿಕೆಯಲ್ಲ, ಅದು ಹೆಬ್ಬಾಗಿಲು. ಹೆಬ್ಬಾಗಿಲಲ್ಲಿ ಕಾವಲುಗಾರರಿರುವಂತೆ ಚರ್ಮದಲ್ಲಿ ರೋಗಾಣುಗಳನ್ನು ಹಿಡಿದು ಗುರುತಿಸಿ ಒಳಗಿನ ದಳಕ್ಕೆ ಸುದ್ದಿ ಮುಟ್ಟಿಸುವ ಕೋಶಗಳು ಕಿಕ್ಕಿರಿದಿವೆ. ಅವುಗಳಲ್ಲಿ ಒಂದು ಬಗೆಯನ್ನು 1868ರಲ್ಲಿ ಕಂಡುಹಿಡಿದ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ವಾಂಸನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಮಾಂಸಖಂಡದಲ್ಲಿ ಇಂಥ ಕಾವಲುಗಾರರು ವಿರಳ. ಶತ್ರುವಿನ ಚಹರೆಯನ್ನು ಕಾವಲುಗಾರನ ಕೈಗೇ ನೇರವಾಗಿ ಕೊಟ್ಟರೆ ಸ್ವಲ್ಪ ಮದ್ದಿನಿಂದಲೇ ಹೆಚ್ಚಿನ ಎಚ್ಚರಿಕೆ ಹುಟ್ಟುತ್ತದೆಂಬುದು ಈ ಸಂಶೋಧನೆಗಳ ತಿರುಳು.

ಈ ಮಾರ್ಗವು ಹೊಸದೂ ಅಲ್ಲ. ಭಾರತದಲ್ಲಿ ಸಿಡುಬಿನ ವಿರುದ್ಧ ಮೊತ್ತಮೊದಲು ದೇವಿ ಹಾಕಿದ್ದು ಈ ಮುಂಬಯಿಯಲ್ಲಿಯೇ. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ಚರ್ಮವನ್ನು ಗೀರಿ ಅದನ್ನು ಹಾಕಲಾಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ರಾಣಿಯರ ಚಿತ್ರವು ಜನರಿಗೆ ಈ ದೇವಿ ಹಾಕುವುದರಲ್ಲಿ ನಂಬಿಕೆ ಹುಟ್ಟಿಸುವುದಕ್ಕಾಗಿಯೇ ಬರೆಸಿದ್ದೆಂದು ಇತಿಹಾಸಜ್ಞರಲ್ಲಿ ಕೆಲವರ ಅಭಿಪ್ರಾಯ. ಮುಂದೆ ಬೆಳಗಾವಿಯ ಲಸಿಕಾ ಸಂಸ್ಥೆಯು ಸಿಡುಬಿನ ಮದ್ದನ್ನು ತಯಾರಿಸಿ ಊರೂರಿಗೆ ಕಳುಹಿಸಿತು. ಹಳಬರ ತೋಳಿನ ಮೇಲಿರುವ ಕಲೆ ಈ ಚರ್ಮಮಾರ್ಗದ್ದೇ. ಕ್ಷಯದ ವಿರುದ್ಧ ಹಾಕುವ ಬಿ.ಸಿ.ಜಿ.ಯ ಕಲೆಯೂ ಅದೇ ಮಾರ್ಗದ್ದು. 2016ರಿಂದ ನಮ್ಮ ಕೂಸುಗಳಿಗೆ ಪೋಲಿಯೋ ರೋಗದ ಚುಚ್ಚುಮದ್ದನ್ನು ಸಹ 0.5 ಮಿಲಿಲೀಟರಿನ ಬದಲು 0.1 ಮಿಲಿಲೀಟರಿನಂತೆ ಚರ್ಮದಲ್ಲಿ ಕೊಡತೊಡಗಿದರು. ಐದನೆಯ ಒಂದು ಪಾಲು ಮದ್ದಾದರೂ ಸಕಾಲದಲ್ಲಿ ಎಲ್ಲ ಸರದಿಗಳನ್ನೂ ಮುಗಿಸಿದರೆ ರಕ್ಷಣೆ ದೊರೆಯುತ್ತದೆ. ಸಿಡುಬು ನಿರ್ಮೂಲವಾಯಿತು, 2014ರಲ್ಲಿ ನಮ್ಮ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಚರ್ಮಮಾರ್ಗವನ್ನು ಅಗ್ಗದ ದಾರಿಯೆಂದು ತಾತ್ಸಾರ ಮಾಡುವವರು ಇದನ್ನು ನೆನೆಯಬೇಕು.

ಹಾಗೆಂದು ಹೊಸ ಯಂತ್ರಗಳನ್ನು ಕಣ್ಣುಮುಚ್ಚಿ ಹೊಗಳುವುದೂ ಸಲ್ಲದು. ಹಿಂದೆ ಒಂದೇ ಮೂತಿಯಿಂದ ಸಾಲುಸಾಲಾಗಿ ಜನರಿಗೆ ಮದ್ದು ಹಾಯಿಸುವ ಯಂತ್ರಗಳಿದ್ದುವು. 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಒಂದು ಚಿಕಿತ್ಸಾಲಯದಲ್ಲಿ ಅಂಥ ಯಂತ್ರದಿಂದಲೇ ಒಬ್ಬರಿಂದ ಒಬ್ಬರಿಗೆ ಹೆಪಟೈಟಿಸ್-ಬಿ ಕಾಮಾಲೆ ಅಂಟಿತು. ಈಗಿನ ಯಂತ್ರಗಳಲ್ಲಿ ಒಬ್ಬರಿಗೆ ಬಳಸಿದ ಭಾಗವನ್ನು ಎಸೆದುಬಿಡುವ ಏರ್ಪಾಡು ಬಂದುದು ಈ ಪಾಠದಿಂದಲೇ. ವೆಚ್ಚದ ಮಾತೂ ಇದೆ. 2021ರಲ್ಲಿ ಕೇಂದ್ರ ಸರಕಾರವು ಜೈಕೋವ್-ಡಿಯ ಒಂದು ಕೋಟಿ ಮಾತ್ರೆಗಳಷ್ಟು ಲಸಿಕೆ ಕೊಳ್ಳಲು ಒಪ್ಪಿದಾಗ ತೆರಿಗೆ ಬಿಟ್ಟು ಪ್ರತಿ ಸರದಿಯ ಲಸಿಕೆಗೆ 265 ರೂಪಾಯಿ, ಸೂಜಿಯಿಲ್ಲದ ಸಾಧನದ ಬಾಬ್ತು ಬೇರೆ 93 ರೂಪಾಯಿ ಬಿದ್ದಿತು. ಸೂಜಿಯನ್ನು ತಪ್ಪಿಸುವುದಕ್ಕೆ ಲಸಿಕೆಯ ಬೆಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆತ್ತಂತಾಯಿತು. ಬೆಲೆ ಇಳಿಯುವವರೆಗೆ, ಪರೀಕ್ಷೆಗಳು ಮುಗಿಯುವವರೆಗೆ, ಬಡವನ ತೋಳಿಗೆ ಸೂಜಿಯೇ ಗತಿ. ವಿಜ್ಞಾನಿಗಳು ಅವಸರಪಡದೆ ಪರೀಕ್ಷಿಸುತ್ತಿರುವುದು ನಮ್ಮ ಹಿತಕ್ಕಾಗಿಯೇ.

ಆದರೆ ಸೂಜಿಯಿಲ್ಲದ ಯಂತ್ರ ಬರಲೆಂದು ಕಾಯುತ್ತ ಕುಳಿತುಕೊಳ್ಳಲಾಗದ ರೋಗವೊಂದಿದೆ. ಅದು ಹುಚ್ಚುನಾಯಿಯ ಕಡಿತದಿಂದ ಬರುವ ಜಲಭೀತಿ, ಅರ್ಥಾತ್ ರೇಬೀಸ್. ನಾವು ಇಂದು ಈ ಲೇಖನಿಯನ್ನು ಹಿಡಿದದ್ದು ಮುಖ್ಯವಾಗಿ ಇದಕ್ಕಾಗಿ. ಹೋಟೆಲಿನ ಬಾಗಿಲು ಹಾಕಿ, ಮೋರಿಯ ಪಾತ್ರೆ ಮುಗಿಸಿ, ನಡುರಾತ್ರಿ ದಾಟಿದ ಮೇಲೆ ರೂಮಿಗೆ ಹೊರಡುವ ಹುಡುಗರಿಗೆ ಬೀದಿನಾಯಿಗಳ ಗುಂಪು ಎದುರಾಗುವುದು ಹೊಸತೇನಲ್ಲ. ಕೊನೆಯ ಗಾಡಿಯಿಂದ ಇಳಿದು ನಿರ್ಜನ ಬೀದಿಯಲ್ಲಿ ನಡೆಯುವ ಗುಮಾಸ್ತರಿಗೂ ಇದು ತಪ್ಪಿದ್ದಲ್ಲ. ಕಚ್ಚಿಸಿಕೊಂಡವನು ಗಾಯಕ್ಕೆ ಅರಸಿನವನ್ನೋ ಕಾಫಿಪುಡಿಯನ್ನೋ ಮೆತ್ತಿ, ಮಾಲೀಕರಿಗೆ ಹೇಳದೆ, ಬೆಳಗ್ಗೆ ಎಂದಿನಂತೆ ಕಪ್ಪು ಬಸಿ ಹಿಡಿದು ನಿಲ್ಲುತ್ತಾನೆ. ಏಕೆ ಹೇಳಲಿಲ್ಲವೆಂದರೆ, ಊರಿನಲ್ಲಿ ಹಿರಿಯರಿಂದ ಕೇಳಿದ ಹೊಕ್ಕುಳ ಸುತ್ತಲಿನ ಹದಿನಾಲ್ಕು ಸೂಜಿಗಳ ಕಥೆ.

ಆ ಕಥೆ ಸುಳ್ಳಲ್ಲ. ಆದರೆ ಅದು ಮುಗಿದುಹೋದ ಕಥೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು 1911ರಲ್ಲಿ ಸಿದ್ಧಪಡಿಸಿದ, ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯು ಹಲವು ದಶಕ ಅಸಂಖ್ಯ ಪ್ರಾಣಗಳನ್ನು ಉಳಿಸಿದರೂ, ನೋವಿನದಾಗಿತ್ತು. ಕೆಲವರಿಗೆ ಅದರಿಂದ ಪಾರ್ಶ್ವವಾಯುವಿನಂಥ ತೊಂದರೆಗಳೂ ಆದುವು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆಯೇ ನಿಂತಿತು. ಅದರ ಸ್ಥಾನಕ್ಕೆ ಬಂದ ಹೊಸ ಲಸಿಕೆಗಳು ಸುರಕ್ಷಿತವಾದರೂ ದುಬಾರಿ. ಆಗ ಬ್ಯಾಂಕಾಕಿನ ವೈದ್ಯರು ತೋರಿಸಿಕೊಟ್ಟ ಚರ್ಮಮಾರ್ಗವು ಕಣ್ಣಿಗೆ ಬಿತ್ತು. ಭಾರತೀಯರಿಗೆ ಅದು ಹೊಂದುವುದೇ ಎಂಬುದನ್ನು ಪರೀಕ್ಷಿಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಸ್. ಎನ್. ಮಧುಸೂದನ ಅವರೂ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಕೆ. ಸುದರ್ಶನ್ ಅವರೂ ಮುಖ್ಯರು. 2006ರಲ್ಲಿ ಸರಕಾರವು ಈ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಕನ್ನಡನಾಡಿನ ಆಸ್ಪತ್ರೆಗಳಲ್ಲಿ ನಡೆದ ಈ ತಪಸ್ಸಿನ ಫಲವನ್ನು ಇಂದು ದೇಶದ ಬಡವರೆಲ್ಲ ಉಣ್ಣುತ್ತಿದ್ದಾರೆ.

ಲೆಕ್ಕವನ್ನೇ ನೋಡೋಣ. ಮಾಂಸಖಂಡಕ್ಕೆ ಕೊಡುವ ಪದ್ಧತಿಯಲ್ಲಿ ಐದು ಸಲ ಹೋಗಬೇಕು. ಪ್ರತಿಸಲವೂ ಒಂದು ಪೂರ್ಣ ಸೀಸೆ ಬೇಕು. ಚರ್ಮದ ಪದ್ಧತಿಯಲ್ಲಿ ಮೊದಲ ದಿನ, ಅದರಿಂದ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಸಲ ಹೋದರೆ ಸಾಕು. ಪ್ರತಿಸಲವೂ ಎರಡು ತೋಳಿಗೆ 0.1 ಮಿಲಿಲೀಟರಿನಂತೆ ಎರಡು ಸಣ್ಣ ಚುಚ್ಚು. ಒಟ್ಟು ಎಂಟು ಚುಚ್ಚಿಗೆ ಆಗುವ ಮದ್ದು 0.8 ಮಿಲಿಲೀಟರು ಮಾತ್ರ. ಒಂದು ಮಿಲಿಲೀಟರಿನ ಸೀಸೆಯಾದರೆ ಒಂದು, ಅರ್ಧ ಮಿಲಿಲೀಟರಿನದಾದರೆ ಎರಡು ಸಾಕು. ಐದು ಸೀಸೆಯ ಕೆಲಸ ಒಂದೆರಡರಲ್ಲಿ ಮುಗಿಯಿತು. ಒಂದು ನಿಬಂಧನೆಯಿದೆ: ಒಡೆದ ಸೀಸೆಯನ್ನು ಕೆಲವೇ ಗಂಟೆಗಳೊಳಗೆ ಮುಗಿಸಬೇಕು. ಇದರ ಮರ್ಮ ಹೋಟೆಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಗಿರಾಕಿಯ ಒಂದು ಚಹಕ್ಕಾಗಿ ಹಾಲಿನ ಚೀಲ ಒಡೆದರೆ ನಷ್ಟ. ಗಿರಾಕಿಗಳು ತುಂಬಿದ್ದರೆ ಹನಿಯೂ ವ್ಯರ್ಥವಾಗದು. ಆದುದರಿಂದಲೇ ಚರ್ಮಮಾರ್ಗವು ಜನಸಂದಣಿಯ ಸಾರ್ವಜನಿಕ ಆಸ್ಪತ್ರೆಗೆ ಹೇಳಿ ಮಾಡಿಸಿದಂತಿದೆ. ಅಲ್ಲಿನ ಸಾಲು ಉದ್ದವೆಂದು ಬೇಸರಿಸುವವರು ಆ ಸಾಲೇ ಈ ಮದ್ದನ್ನು ಬಡವರಿಗೆ ಎಟಕುವಂತೆ ಮಾಡಿದೆಯೆಂಬುದನ್ನು ತಿಳಿಯಬೇಕು.

2003ರಲ್ಲಿ ನಡೆದ ಸಮೀಕ್ಷೆಯು ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಜನರು ಈ ರೋಗಕ್ಕೆ ಬಲಿಯಾಗುವರೆಂದು ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022-23ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜು ಸುಮಾರು 5,700. ಎಣಿಕೆಯ ಕ್ರಮಗಳು ಬೇರೆಯಾದರೂ ಸಾವು ಇಳಿಮುಖವಾಗಿದೆಯೆಂದು ಭಾವಿಸಲು ಇದು ಆಧಾರ. ಆದರೆ ಸಮಯಕ್ಕೆ ಮದ್ದು ಪಡೆದರೆ ತಪ್ಪಿಸಬಹುದಾದ ಸಾವು 5,700 ಏಕೆ, ಐದಾದರೂ ಏಕಾಗಬೇಕು? ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಲಕ್ಷಣ ಕಾಣುವುದಕ್ಕೆ ಮುಂಚೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆಯುತ್ತವೆ. ಆ ಅವಧಿಯೇ ನಮಗೆ ದೊರೆತ ಭಾಗ್ಯ. ಅದನ್ನು ಕಳೆದುಕೊಳ್ಳುವುದು ನಮ್ಮ ಅವಿವೇಕ.

ಆದುದರಿಂದ ಪ್ರತಿಯೊಬ್ಬ ನೌಕರನೂ ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು. ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿ ಗೀರಿದರೂ ಸಹ, ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ನಲ್ಲಿಯೂ ಸಾಬೂನೂ ಇಲ್ಲದ ಹೋಟೆಲು ಎಲ್ಲಿದೆ? ಅರಸಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ನಾಯಿ ಸಾಯುವುದೋ ಬದುಕುವುದೋ ನೋಡೋಣವೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಕೊಡುವ ಇನ್ನೊಂದು ಮದ್ದೂ ಅವಶ್ಯ. ಅದಕ್ಕೆ ಇಂದಿಗೂ ಸೂಜಿ ತಪ್ಪಿಲ್ಲವಾದರೂ ಒಂದು ಕ್ಷಣದ ಆ ನೋವು ಪ್ರಾಣಕ್ಕಿಂತ ದೊಡ್ಡದಲ್ಲ. ಕೊನೆಯದಾಗಿ, ಗಾಯ ಮಾಯ್ದಿತೆಂದು ನಡುವೆ ನಿಲ್ಲಿಸದೆ ನಾಲ್ಕೂ ಸರದಿಗಳನ್ನು ಮುಗಿಸಬೇಕು. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಕಳವಾದ ಛತ್ರಪತಿ ಶಿವಾಜಿ ಮಹಾರಾಜ, ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆ, ಇವು ನಮ್ಮ ತೆರಿಗೆಯಿಂದ ನಡೆಯುವ ಆಸ್ಪತ್ರೆಗಳು. ಅಲ್ಲಿಗೆ ಹೋಗುವುದಕ್ಕೆ ಸಂಕೋಚವೇಕೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ನಮ್ಮ ಕರ್ತವ್ಯಕ್ಕೆ ಲೋಪ ಬಂದೀತು. ನೌಕರನನ್ನು ಆಸ್ಪತ್ರೆಯಿಂದ ದೂರವಿಡುವುದು ಸೂಜಿಯ ನೋವೊಂದೇ ಅಲ್ಲ, ಸಂಬಳದ ನೋವೂ ಹೌದು. ನಾಲ್ಕು ಸಲ ಹೋಗಬೇಕೆಂದರೆ ನಾಲ್ಕು ದಿನದ ಪಗಾರ ಹೋದೀತೆಂದು, ಬದಲಿಗೆ ಬಂದವನು ಕೆಲಸವನ್ನೇ ಹಿಡಿದುಕೊಂಡಾನೆಂದು ಅವನು ಅಂಜುತ್ತಾನೆ. ಪವಾಯಿಯ ಯಾವ ಪಿಚಕಾರಿಯೂ ಈ ನೋವನ್ನು ಕಳೆಯಲಾರದು. ಇದರ ಮದ್ದು ಗಲ್ಲೆಯಲ್ಲಿದೆ. ನಾವೂ ಗಲ್ಲೆಯ ಮೇಲೆ ಕುಳಿತು ಬಂದವರು. ಬೆಳಗಿನ ಇಡ್ಲಿಯ ಹೊತ್ತಿಗೆ ಒಬ್ಬ ಸಪ್ಲಾಯರು ಕಡಿಮೆಯಾದರೆ ಆಗುವ ಪೇಚು, ತಿಂಗಳ ಕೊನೆಗೆ ಬಾಡಿಗೆ, ಗ್ಯಾಸು, ಹಾಲು, ಕಿರಾಣಿಗಳ ಬಿಲ್ಲುಗಳು ಒಟ್ಟಿಗೆ ಬಂದಾಗಿನ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಮಾಲೀಕ ಬಂಧುಗಳಲ್ಲಿ ವಿನಂತಿಸುತ್ತೇವೆ: ನಾಯಿ ಕಚ್ಚಿದ ನೌಕರನಿಗೆ ನಾಲ್ಕು ಅರ್ಧ ದಿನಗಳ ರಜೆಯನ್ನು ಸಂಬಳಸಹಿತ ಕೊಡಿರಿ. ಒಟ್ಟು ಎರಡು ದಿನದ ಪಗಾರ! ಒಂದು ಹಬ್ಬದ ದಿನ ಕಾಣಿಕೆಯಾಗಿ ಕೊಡುವ ಹಣಕ್ಕಿಂತ ಅದು ಹೆಚ್ಚಾಗದು. ಊರಿನಲ್ಲಿ ತಂದೆತಾಯಿಗಳು ಮಗನನ್ನು ನಿಮ್ಮ ಕೈಗೆ ಒಪ್ಪಿಸುವಾಗ ಕರಾರುಪತ್ರ ಬರೆಸಿಕೊಂಡಿಲ್ಲ, ನಂಬಿಕೆಯೊಂದನ್ನೇ ನೆಚ್ಚಿದ್ದಾರೆ.

ಇದು ಬರಿಯ ದಯೆಯ ಮಾತೂ ಅಲ್ಲ. ಆಹಾರ ಸುರಕ್ಷತೆಯ 2011ರ ನಿಯಮಗಳಂತೆ ಅಡಿಗೆ ಪದಾರ್ಥಗಳನ್ನು ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯೂ ಕರುಳಿನ ಜ್ವರಗಳ ವಿರುದ್ಧ ಲಸಿಕೆಯೂ ಆಗಬೇಕೆಂದಿದೆ. ಸರ್ಟಿಫಿಕೇಟಿಗಾಗಿ ಲಸಿಕೆ ಹಾಕಿಸುವ ಮಾಲೀಕರು ಪ್ರಾಣಕ್ಕಾಗಿ ಹಾಕಿಸುವಾಗ ಹಿಂದೆಗೆಯಬಾರದು. ಆ ವಾರ್ಷಿಕ ಪರೀಕ್ಷೆಯ ದಿನವೇ ನಾಯಿ ಕಡಿತದ ವಿಷಯವನ್ನೂ ನೌಕರರಿಗೆ ತಿಳಿಯಹೇಳಿದರೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಆದೀತು.

ಗುಮಾಸ್ತ ಬಂಧುಗಳೂ ಮಾಡಬಹುದಾದ ಸೇವೆಯೊಂದಿದೆ. ಊರಿನಿಂದ ಹೊಸತಾಗಿ ಬಂದ ಹುಡುಗನಿಗೆ ಮರಾಠಿ ಬಾರದು. ಆಸ್ಪತ್ರೆಯ ಚೀಟಿಯ ಮೇಲಿನ ತಾರೀಕುಗಳು ತಿಳಿಯವು. ದಿನವಿಡೀ ತಾರೀಕು, ಲೆಕ್ಕ, ಕಾಗದಪತ್ರಗಳಲ್ಲಿಯೇ ಕಣ್ಣು ಸವೆಸುವ ನೀವು ಆ ನಾಲ್ಕು ತಾರೀಕುಗಳನ್ನು ಕನ್ನಡದಲ್ಲಿ ಬರೆದು ಅವನ ರೂಮಿನ ಗೋಡೆಗೆ ಅಂಟಿಸಿದರೆ, ಮೊದಲ ದಿನ ಜೊತೆಗೆ ಹೋಗಿ ಚೀಟಿ ಮಾಡಿಸಿಕೊಟ್ಟರೆ, ಅದಕ್ಕಿಂತ ದೊಡ್ಡ ಕನ್ನಡದ ಕೆಲಸವನ್ನು ನಾವು ಅರಿಯೆವು. ನಮ್ಮ ಕನ್ನಡ ಸಂಘಗಳೂ ರಾಜ್ಯೋತ್ಸವದ ವೇದಿಕೆಯಿಂದಲೇ ಐದು ನಿಮಿಷ ಈ ವಿಷಯವನ್ನು ಹೇಳಿಸಬೇಕು.

ಮಹಾನಗರಪಾಲಿಕೆಗಳಿಗೂ ಸರಕಾರಕ್ಕೂ ನಮ್ಮ ಬಿನ್ನಹ ಮೂರು. ಮದ್ದಿನ ದಾಸ್ತಾನು ಒಂದು ದಿನವೂ ಬರಿದಾಗದಂತೆ ನೋಡಿಕೊಳ್ಳಬೇಕು. ಚರ್ಮದಲ್ಲಿ ಚುಚ್ಚುವುದು ನಾಜೂಕಿನ ಕೆಲಸ. ಸರಿಯಾಗಿ ಚುಚ್ಚಿದರೆ ಚರ್ಮವು ಸಣ್ಣ ಬೊಕ್ಕೆಯಂತೆ ಉಬ್ಬಬೇಕು. ಆ ಕೈಗುಣ ದಾದಿಯರಿಗೆ ಬರುವಂತೆ ತರಬೇತಿ ಕೊಡಬೇಕು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಹೋಟೆಲು ನೌಕರನು ಹೋಗಬಹುದಾದ ಹೊತ್ತಿನಲ್ಲಿಯೂ, ಸಂಜೆ ಕಚೇರಿ ಬಿಟ್ಟ ಮೇಲೆಯೂ, ಈ ಮದ್ದು ದೊರೆಯುವಂತಾಗಬೇಕು. ಇವುಗಳೊಡನೆ ಪವಾಯಿಯ ಮತ್ತು ಬೆಂಗಳೂರಿನ ಪ್ರಯೋಗಶಾಲೆಗಳಿಗೆ ಧನಸಹಾಯ ಧಾರಾಳವಾಗಿ ಹರಿಯಲಿ. ಇಲಿಯ ಮೇಲೆ ಗೆದ್ದ ಯಂತ್ರವು ಮನುಷ್ಯನವರೆಗೆ ಬಂದು, ಅಲ್ಲಿಂದ ಬಡವನವರೆಗೆ ಬರುವ ಹಾದಿಯು ದೀರ್ಘವಾದದ್ದು. ಆ ಹಾದಿಯಲ್ಲಿ ಅವು ಹಣವಿಲ್ಲದೆ ನಿಲ್ಲಬಾರದು.

ಸೂಜಿಯಿಲ್ಲದೆ, ನೋವಿಲ್ಲದೆ ಲಸಿಕೆ ಕೊಡುವ ದಿನ ಬಂದೇ ಬರುತ್ತದೆಂದು ನಾವು ನಂಬಿದ್ದೇವೆ; ಅದನ್ನು ತರುವ ಭಾರವನ್ನು ವಿಜ್ಞಾನಿಗಳು ಹೊತ್ತಿದ್ದಾರೆ. ಅಲ್ಲಿಯವರೆಗೆ ಕಚ್ಚಿಸಿಕೊಂಡ ಹುಡುಗನು ಅಂಜದೆ ಮಾಲೀಕರ ಮುಂದೆ ಬಂದು ನಿಲ್ಲುವಂತೆ, ನಿಂತವನನ್ನು ಅವರು ಕೂಡಲೇ ಆಸ್ಪತ್ರೆಗೆ ಕಳುಹಿಸುವಂತೆ ಮಾಡುವ ಭಾರವು ನಮ್ಮದು. ಅದಕ್ಕೆ ಯಾವ ಸಂಶೋಧನೆಯನ್ನೂ ಕಾಯಬೇಕಾಗಿಲ್ಲ. ಇಂದು ರಾತ್ರಿ ಬಾಗಿಲು ಹಾಕುವ ಮುನ್ನ ನೌಕರರೊಡನೆ ಐದು ನಿಮಿಷ ಮಾತನಾಡಿದರೆ ಆರಂಭವಾದಂತೆಯೇ ಸರಿ.